ಹೆಗ್ಗಣ ಕೊಂದ ನಾಯಿ ಮಕ್ಕಳನ್ನು ಕಚ್ಚುತ್ತದೆಯೇ?

ಇಲಿ, ನರಿಗಳ ಬೇಟೆಗೆಂದೇ ಬೆಳೆಸಿದ ಟೆರಿಯರ್ ಜಾತಿಯ ನಾಯಿ ಸಾಕಿದವರ ಪತ್ರಗಳು ಒಂದಷ್ಟು ಕಾಲದಿಂದ ನನ್ನ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಇಷ್ಟು ಮುದ್ದಾದ ನಾಯಿ ಇದ್ದಕ್ಕಿದ್ದಂತೆ ಅಷ್ಟು ಕ್ರೂರಿ ಹೇಗಾಗುತ್ತದೆ, ಆ ಬುದ್ಧಿಯನ್ನು ಬಿಡಿಸುವುದು ಹೇಗೆ ಎಂದು ಎಲ್ಲರೂ ಕೇಳಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರದು. ಬೆಕ್ಕಿನವರು, ಮೀನಿನವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು. ನಾನು ಪಶುವೈದ್ಯೆ. ಅದಕ್ಕಿಂತ ಹೆಚ್ಚಾಗಿ, ಚಿನಕುರುಳಿ ಎಂಬ ಜ್ಯಾಕ್ ರಸೆಲ್ ತಳಿಯ ಟೆರಿಯರ್ ಹೆಣ್ಣುನಾಯಿಯ ಕೈಯಲ್ಲಿ ಸಿಕ್ಕಿಕೊಂಡವಳು. ಕೆಳಗಿನ ಉತ್ತರಗಳಲ್ಲಿ ಎರಡೂ ಇವೆ.

ಪ್ರಶ್ನೆ: ನಮ್ಮ ಜ್ಯಾಕ್ ರಸೆಲ್ ಗಂಡುನಾಯಿಗೆ ಎರಡು ವರ್ಷ. ಮಕ್ಕಳಿಬ್ಬರು ಕಿವಿ ಹಿಡಿದು ಎಳೆದರೂ ಸುಮ್ಮನಿರುತ್ತದೆ. ಮೊನ್ನೆ ಹಿತ್ತಿಲಲ್ಲಿ ಹೆಗ್ಗಣ ಹಿಡಿದು, ಎರಡು ಸಲ ಕೊಡವಿ ಕೊಂದುಹಾಕಿತು. ಗುರ್ ಅನ್ನಲೂ ಇಲ್ಲ. ಅದನ್ನು ಅಲ್ಲೇ ಬಿಸಾಡಿ, ಬಾಲ ಅಲ್ಲಾಡಿಸುತ್ತಾ ಒಳಗೆ ಬಂತು. ರಕ್ತದ ರುಚಿ ಹತ್ತಿದ ನಾಯಿ ಮಕ್ಕಳನ್ನೂ ಬಿಡುವುದಿಲ್ಲ, ಯಾರಿಗಾದರೂ ಕೊಟ್ಟುಬಿಡು ಎಂದು ನಮ್ಮತ್ತೆ ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಕೊಡಬೇಡಿ. ನಿಮ್ಮತ್ತೆಯವರ ಭಯಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗುರ್ ಅನ್ನಲೂ ಇಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಅವರಿಗೆ ಇನ್ನೊಮ್ಮೆ ಓದಿ ಹೇಳಿ.

ಸಿಟ್ಟು ಬಂದ ನಾಯಿ ಮೈ ಬಿಗಿ ಮಾಡುತ್ತದೆ, ತುಟಿ ಮೇಲೆತ್ತುತ್ತದೆ, ಗುರುಗುಟ್ಟುತ್ತದೆ. ಎದುರಿಗಿರುವವರು ದೂರ ಹೋಗಲಿ ಎಂಬುದು ಅದರ ಆಸೆ. ಬೇಟೆಯಾಡುವ ನಾಯಿಗೆ ಎದುರಿನದು ದೂರ ಹೋಗುವುದು ಬೇಕಾಗಿಲ್ಲ. ಅದು ಸದ್ದಿಲ್ಲದೆ, ಖುಷಿಯಿಂದಲೇ ಮುನ್ನುಗ್ಗುತ್ತದೆ. ಮಿದುಳಿನಲ್ಲಿ ಸಿಟ್ಟಿನ ಜಾಡು ಬೇರೆ, ಬೇಟೆಯ ಜಾಡು ಬೇರೆ. ಹೆಗ್ಗಣ ಹಿಡಿದದ್ದರಿಂದ ಮಕ್ಕಳ ಮೇಲೆ ಸಿಟ್ಟು ಹುಟ್ಟುವುದಿಲ್ಲ.

ತೋಳದ ಬೇಟೆಯಲ್ಲಿ ಹಲವು ಹಂತಗಳಿವೆ: ಪತ್ತೆ ಹಚ್ಚುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸಿಗಿಯುವುದು, ತಿನ್ನುವುದು. ಮನುಷ್ಯ ತನಗೆ ಬೇಕಾದ ಕೆಲಸಕ್ಕೆ ನಾಯಿಗಳನ್ನು ಆರಿಸಿ ಆರಿಸಿ ತಳಿ ಬೆಳೆಸುವಾಗ ಒಂದೊಂದು ತಳಿಯಲ್ಲಿ ಒಂದೊಂದು ಹಂತವನ್ನು ಹಿಗ್ಗಿಸಿದ, ಉಳಿದದ್ದನ್ನು ಮಂಕಾಗಿಸಿದ. ಕುರಿ ಕಾಯುವ ಬಾರ್ಡರ್ ಕೋಲಿ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಬಾಯಿ ಹಾಕುವ ಹೊತ್ತಿಗೆ ನಿಂತುಬಿಡುತ್ತದೆ. ರಿಟ್ರೀವರ್ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ಎತ್ತಿ ತರುತ್ತದೆ. ಟೆರಿಯರ್‌ಗೆ ಬೇಕಾಗಿದ್ದದ್ದು ನಡುವಿನ ಹಂತಗಳು: ಅಟ್ಟು, ಹಿಡಿ, ಕೊಡವು. ಆ ಕೊಡವುವಿಕೆಯಲ್ಲೇ ಇಲಿಯ ಕತ್ತು ಮುರಿದುಹೋಗುತ್ತದೆ. ಮಂಚದ ಕೆಳಗೆ ನಿಮ್ಮ ಕಾಲುಚೀಲ ಹಿಡಿದು ತಲೆ ಝಾಡಿಸುತ್ತದಲ್ಲ, ಅದೂ ಇದೇ ಚಲನೆ. ಸಿಗಿದು ತಿನ್ನುವ ಹಂತ ಹೆಚ್ಚಿನವುಗಳಲ್ಲಿ ಮಂಕು. ಅದಕ್ಕೇ ನಿಮ್ಮ ನಾಯಿ ಹೆಗ್ಗಣವನ್ನು ಬಿಸಾಡಿ ಬಂತು. ರಕ್ತದ ರುಚಿಯ ಮಾತು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 1823ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪಿಟ್ ಎಂಬ ಜೂಜುಕಣದಲ್ಲಿ ಬಿಲ್ಲಿ ಎಂಬ ಬುಲ್‌ಡಾಗ್ ಮತ್ತು ಟೆರಿಯರ್ ಮಿಶ್ರತಳಿಯ ನಾಯಿ 100 ಇಲಿಗಳನ್ನು ಐದೂವರೆ ನಿಮಿಷದಲ್ಲಿ ಮುಗಿಸಿತ್ತು. ಹಸಿದ ನಾಯಿ ಮೊದಲ ಇಲಿಯ ಹತ್ತಿರವೇ ಕುಳಿತುಬಿಡುತ್ತಿತ್ತು.

ಇನ್ನು ನನಗೆ ನಿಜವಾಗಿ ಚಿಂತೆ ತಂದ ಸಾಲು ಬೇರೆ. ಕಿವಿ ಹಿಡಿದು ಎಳೆದರೂ ಸುಮ್ಮನಿರುತ್ತದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಮುಂದಿನ ಸಲ ನಾಯಿಯ ಮುಖ ನೋಡಿ. ತಲೆ ಆಚೆ ತಿರುಗಿಸುತ್ತಿದೆಯೇ? ನಿದ್ದೆ ಇಲ್ಲದೆಯೂ ಆಕಳಿಸುತ್ತಿದೆಯೇ? ತುಟಿ ನೆಕ್ಕಿಕೊಳ್ಳುತ್ತಿದೆಯೇ? ಕಣ್ಣಿನ ಬಿಳಿಭಾಗ ಕಾಣುತ್ತಿದೆಯೇ? ಇವೆಲ್ಲ "ಸಾಕು ಬಿಡು" ಎಂದು ನಾಯಿ ಹೇಳುವ ರೀತಿ. ಟೆರಿಯರ್‌ಗೆ ಧೈರ್ಯ ಜಾಸ್ತಿ, ತಾಳ್ಮೆ ಅಷ್ಟಕ್ಕಷ್ಟೆ. ಅದು ಮಗುವನ್ನು ಕಚ್ಚುವ ದಿನ ಬಂದರೆ ಅದಕ್ಕೆ ಕಾರಣ ಹೆಗ್ಗಣ ಆಗಿರುವುದಿಲ್ಲ, ಕಿವಿ ಆಗಿರುತ್ತದೆ. ಮಲಗಿದ ನಾಯಿಯನ್ನು, ಉಣ್ಣುತ್ತಿರುವ ನಾಯಿಯನ್ನು ಮುಟ್ಟಬಾರದು ಎಂದು ಮಕ್ಕಳಿಗೆ ಕಲಿಸಿ. ಮಕ್ಕಳು ಹೋಗಲೇಬಾರದ ಒಂದು ಮೂಲೆಯನ್ನು ನಾಯಿಗೆ ಬಿಟ್ಟುಕೊಡಿ. ಕಿರುಚುತ್ತಾ ಓಡುವ ಮಗುವಿನ ಹಿಮ್ಮಡಿಗೆ ಟೆರಿಯರ್ ಬಾಯಿ ಹಾಕುವುದುಂಟು. ಅದು ಅಟ್ಟುವ ಹಂತದ ಚೂರು. ಬೈದರೆ ಆಟ ಇನ್ನೂ ಏರುತ್ತದೆ, ಮಕ್ಕಳು ಮರದಂತೆ ನಿಂತುಬಿಟ್ಟರೆ ಇಳಿಯುತ್ತದೆ. ಎಳೆಗೂಸಿನ ಜೊತೆಯಂತೂ ಯಾವ ತಳಿಯ ನಾಯಿಯನ್ನೂ ಒಂಟಿಯಾಗಿ ಬಿಡಬಾರದು.

ಹೆಗ್ಗಣದಿಂದ ಬರುವ ಅಪಾಯ ನಾಯಿಗೆ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಸೋಂಕುರೋಗ ಅಂಟುತ್ತದೆ, ಅದು ನಾಯಿಯಿಂದ ನಿಮಗೂ ಬರಬಹುದು. ವರ್ಷಕ್ಕೊಮ್ಮೆ ಅದರ ಲಸಿಕೆ ತಪ್ಪಿಸಬೇಡಿ. ಸುತ್ತಮುತ್ತ ಯಾರಾದರೂ ಇಲಿ ಪಾಷಾಣ ಇಟ್ಟಿದ್ದರೆ, ಅದನ್ನು ತಿಂದ ಇಲಿಯನ್ನು ನಾಯಿ ತಿಂದಾಗ ವಿಷ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣವಾದರೆ ಮೊದಲೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ಏದುಸಿರು ಬರುತ್ತದೆ, ಮೂಗಿನಲ್ಲಿ ರಕ್ತ ಕಾಣಬಹುದು. ಕಾಯದೆ ವೈದ್ಯರ ಹತ್ತಿರ ಓಡಿ, ಪಾಷಾಣದ ಪೊಟ್ಟಣ ಸಿಕ್ಕರೆ ಜೊತೆಗೊಯ್ಯಿರಿ. ಈ ಬಗೆಯ ವಿಷಕ್ಕೆ ವಿಟಮಿನ್ ಕೆ1 ಔಷಧ, ಬೇಗ ಶುರುವಾದರೆ ನಾಯಿ ಉಳಿಯುತ್ತದೆ.

ಪ್ರಶ್ನೆ: ಮಗಳು ಟೆರಿಯರ್ ಮರಿ ಬೇಕೆಂದು ಹಟ ಮಾಡುತ್ತಿದ್ದಾಳೆ. ಮನೆಯಲ್ಲಿ ಈಗಾಗಲೇ ಒಂದು ಮೊಲ, ಒಂದು ಜೊತೆ ಲವ್‌ಬರ್ಡ್ಸ್, ಒಂದು ಬೆಕ್ಕು ಇವೆ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದರೆ ಹೊಂದಿಕೊಳ್ಳುತ್ತವಲ್ಲವೇ? ಟೆರಿಯರ್ ಒಂದು ಮೊಲವನ್ನು ತಬ್ಬಿಕೊಂಡು ಮಲಗಿದ ಫೋಟೊ ನೋಡಿದ್ದೇನೆ.

ಉತ್ತರ: ಅಂಥ ಫೋಟೊ ನಾನೂ ನೋಡಿದ್ದೇನೆ. ಮಾರನೆಯ ದಿನದ ಫೋಟೊವನ್ನು ಯಾರೂ ಹಾಕುವುದಿಲ್ಲ.

ಬೆಕ್ಕಿನ ಮಟ್ಟಿಗೆ ಆಸೆ ಇಟ್ಟುಕೊಳ್ಳಬಹುದು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ನೋಡಿದ್ದನ್ನೆಲ್ಲ "ಇದು ನಮ್ಮದು" ಎಂದು ಒಪ್ಪಿಕೊಳ್ಳುವ ಕಾಲ. ಆಗ ಎದುರಾದ ಬೆಕ್ಕು ಮನೆಯವರಲ್ಲಿ ಒಬ್ಬರಾಗುತ್ತದೆ. ಆದರೆ ಆ ಒಪ್ಪಂದ ಆ ಒಂದು ಬೆಕ್ಕಿನೊಂದಿಗೆ ಮಾತ್ರ, ಪಕ್ಕದ ಮನೆಯ ಬೆಕ್ಕಿಗೆ ಅನ್ವಯಿಸುವುದಿಲ್ಲ. ಎಷ್ಟೋ ಸಲ ಮನೆಯೊಳಗೆ ಜೊತೆಗೆ ಮಲಗುವ ಅದೇ ಬೆಕ್ಕು ಅಂಗಳದಲ್ಲಿ ಓಡಿದರೆ ಅದಕ್ಕೂ ಅನ್ವಯಿಸುವುದಿಲ್ಲ. ಬೆಕ್ಕಿನ ಸ್ವಭಾವವನ್ನೂ ನೋಡಬೇಕು. ನಿಂತು ಒಂದು ಪೆಟ್ಟು ಕೊಡುವ ಬೆಕ್ಕಿದ್ದರೆ ಮನೆ ನೆಮ್ಮದಿಯಾಗಿರುತ್ತದೆ. ಅಂಜಿ ಓಡುವ ಬೆಕ್ಕಾದರೆ ಪ್ರತಿದಿನ ಬೇಟೆಯ ಪಾಠ ತಾನೇ ಹೇಳಿಕೊಟ್ಟಂತೆ. ನಾಯಿಗೆ ನಿಲುಕದ ಎತ್ತರದಲ್ಲಿ ಬೆಕ್ಕಿಗೆ ದಾರಿ, ಜಾಗ ಎರಡೂ ಇರಲಿ.

ಮೊಲಕ್ಕೂ ಹಕ್ಕಿಗಳಿಗೂ ನನ್ನ ಉತ್ತರ ಬೇಡ ಎಂದೇ. ವರ್ಷಗಟ್ಟಲೆ ಒಟ್ಟಿಗಿದ್ದರೂ ಮೊಲ ಒಂದು ದಿನ ಬೆಚ್ಚಿ ಅಡ್ಡಾದಿಡ್ಡಿ ಜಿಗಿದರೆ ಸಾಕು. ನಾಯಿ ಯೋಚಿಸುವ ಮೊದಲೇ ಅದರ ಬಾಯಿ ಕೆಲಸ ಮುಗಿಸಿರುತ್ತದೆ. ಪಂಜರ ಇದೆಯಲ್ಲ ಎನ್ನಬೇಡಿ. ಪಂಜರದ ಮುಂದೆ ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ಕುಳಿತ ನಾಯಿಯನ್ನು ನೋಡುತ್ತಲೇ ಮೊಲ ಮೇವು ಬಿಡುತ್ತದೆ, ಮೇವು ಬಿಟ್ಟ ಮೊಲದ ಕರುಳು ಬಲುಬೇಗ ಕೈಕೊಡುತ್ತದೆ. ಮೊಲದ ಆಯುಷ್ಯ ಮುಗಿಯುವವರೆಗೆ ಮಗಳು ಕಾಯಲಿ. ಇಲ್ಲವೇ ಬೇರೆ ತಳಿ ನೋಡಲಿ.

ಪ್ರಶ್ನೆ: ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೇಟೆಯ ಹುಚ್ಚು ಇಳಿಯುತ್ತದೆಯೇ?

ಉತ್ತರ: ಇಲ್ಲ. ಬೆದೆಗೆ ಬಂದ ಹೆಣ್ಣುನಾಯಿಯನ್ನು ಹುಡುಕಿ ಅಲೆಯುವುದು ಕಡಿಮೆಯಾದೀತು. ಅಳಿಲಿನ ಮೇಲಿನ ಪ್ರೀತಿ ಹಾಗೇ ಇರುತ್ತದೆ.

ಪ್ರಶ್ನೆ: ಮೂರು ವರ್ಷದ ಫಾಕ್ಸ್ ಟೆರಿಯರ್. ಮನೆಯಲ್ಲಿ ಕೂರು, ಬಾ, ಬಿಡು ಎಲ್ಲವೂ ಬರುತ್ತದೆ. ಹೊರಗೆ ಬೆಲ್ಟ್ ಬಿಚ್ಚಿದರೆ ಏನೋ ವಾಸನೆ ಹಿಡಿದು ಹೋದದ್ದು ಕರೆದರೆ ತಿರುಗಿಯೂ ನೋಡುವುದಿಲ್ಲ. ನಮ್ಮ ಹಿಂದಿನ ಲ್ಯಾಬ್ರಡಾರ್ ಹೀಗಿರಲಿಲ್ಲ. ಪರಿಚಿತರೊಬ್ಬರು ಕರೆಂಟ್ ಹೊಡೆಯುವ ಕೊರಳಪಟ್ಟಿ ಹಾಕಿ ಎನ್ನುತ್ತಾರೆ. ಇದು ದಡ್ಡ ನಾಯಿಯೋ, ಹಟಮಾರಿಯೋ?

ಉತ್ತರ: ಎರಡೂ ಅಲ್ಲ. ಲ್ಯಾಬ್ರಡಾರ್ ಬೇಟೆಗಾರನ ಪಕ್ಕದಲ್ಲಿ ಕುಳಿತು, ಅವನ ಕೈಸನ್ನೆ ನೋಡಿ ಕೆಲಸ ಮಾಡುವ ನಾಯಿ. ನಿಮ್ಮ ನಾಯಿಯ ಹಿರಿಯರು ಮಣ್ಣಿನೊಳಗೆ, ಕತ್ತಲಲ್ಲಿ, ಯಜಮಾನನ ದನಿ ಕೇಳದ ಜಾಗದಲ್ಲಿ ಕೆಲಸ ಮಾಡಿದವರು.

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಜಾನ್ ರಸೆಲ್ (1795–1883) ಎಂಬ ಪಾದ್ರಿ ಇದ್ದರು. ಧರ್ಮೋಪದೇಶಕ್ಕಿಂತ ನರಿಬೇಟೆಯಲ್ಲಿ ಹೆಚ್ಚು ಹೆಸರು ಮಾಡಿದ ಮನುಷ್ಯ. 1819ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನೊಬ್ಬನ ಹತ್ತಿರ ಟ್ರಂಪ್ ಎಂಬ ಬಿಳಿ ಹೆಣ್ಣುನಾಯಿ ಕಂಡು ಅಲ್ಲೇ ಕೊಂಡುಕೊಂಡರಂತೆ. ಜ್ಯಾಕ್ ರಸೆಲ್ ಎಂಬ ಹೆಸರು ಬಂದದ್ದು ಇವರಿಂದ, ಫಾಕ್ಸ್ ಟೆರಿಯರ್ ತಳಿಯ ಕಥೆಯಲ್ಲೂ ಇವರಿದ್ದಾರೆ. ನರಿ ಬಿಲ ಹೊಕ್ಕಾಗ ಹೌಂಡ್ ನಾಯಿಗಳು ಹೊರಗೆ ನಿಲ್ಲುತ್ತಿದ್ದವು, ಟೆರಿಯರ್ ಒಳಗೆ ಹೋಗುತ್ತಿತ್ತು. ನರಿಯ ಮುಖಕ್ಕೆ ಮುಖ ಕೊಟ್ಟು ಬೊಗಳಿ ಅದನ್ನು ಹೊರಗೋಡಿಸಬೇಕು. ಕೊಂದರೆ ಆಟ ಮುಗಿಯಿತು, ಹಾಗಾಗಿ ಕೊಲ್ಲುವ ಟೆರಿಯರ್ ಪಾದ್ರಿಗೆ ಬೇಕಿರಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ತೂರಬೇಕಾದ ನಾಯಿಯ ಎದೆ ಅಗಲವಿರಬಾರದು. ಇವತ್ತಿಗೂ ಶೋಗಳಲ್ಲಿ ತೀರ್ಪುಗಾರರು ಜ್ಯಾಕ್ ರಸೆಲ್‌ನ ಎದೆಯನ್ನು ಎರಡೂ ಅಂಗೈಗಳಲ್ಲಿ ಸುತ್ತಿ ಹಿಡಿದು ಬೆರಳು ಕೂಡುತ್ತವೆಯೇ ಎಂದು ನೋಡುತ್ತಾರೆ. ಅಂಥ ಕತ್ತಲಲ್ಲಿ "ಈಗೇನು ಮಾಡಲಿ" ಎಂದು ಯಜಮಾನನನ್ನು ಕೇಳುವ ನಾಯಿ ಜೀವಸಹಿತ ಮರಳುತ್ತಿರಲಿಲ್ಲ. ತಾನೇ ತೀರ್ಮಾನಿಸುವ ನಾಯಿಗಳೇ ಉಳಿದವು, ಅವುಗಳ ಮರಿಗಳೇ ಮುಂದುವರಿದವು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಟೆರಿಯರ್ ವಿಷಯದಲ್ಲಿ ಅದು ಗಾದೆಗಿಂತ ಹೆಚ್ಚಾಗಿ ತಳಿಶಾಸ್ತ್ರ.

ಆದ್ದರಿಂದ ಬಿಡಿಸುವ ಯೋಚನೆ ಬಿಡಿ. ಆ ಹುರುಪು ಎಲ್ಲಿ ಖರ್ಚಾಗಬೇಕು ಎಂಬುದನ್ನು ನೀವು ನಿರ್ಧರಿಸಿ.

ಬೇಲಿ ಇಲ್ಲದ ಜಾಗದಲ್ಲಿ ಬೆಲ್ಟ್ ಬಿಚ್ಚಬೇಡಿ. ಬೆನ್ನಿನ ಮೇಲೆ ಬರುವ ಹಾರ್ನೆಸ್‌ಗೆ ಹತ್ತು ಮೀಟರಿನ ಹಗ್ಗ ಕಟ್ಟಿ ನೆಲದಲ್ಲಿ ಎಳೆದಾಡಲು ಬಿಡಿ. ಉದ್ದ ಹಗ್ಗವನ್ನು ಕೊರಳಿಗೆ ಮಾತ್ರ ಕಟ್ಟಬಾರದು, ಓಡಿ ಜಗ್ಗಿದಾಗ ಕತ್ತಿಗೆ ಪೆಟ್ಟು. ಅಳಿಲು ಕಂಡು ಕಿವಿ ನಿಮಿರಿದ ಕ್ಷಣ ಒಂದೇ ಒಂದು ಸಲ ಕರೆಯಿರಿ. ತಿರುಗಿ ನೋಡಿತೇ? ಆಗ ನೀವು ಕೊಡುವ ಬಹುಮಾನ ಅಳಿಲಿಗೆ ಸಮನಾಗಿರಬೇಕು. ಒಣ ಬಿಸ್ಕತ್ತಿಗೆ ಅಳಿಲನ್ನು ಬಿಟ್ಟುಬರುವ ಟೆರಿಯರ್ ನಾನು ಕಂಡಿಲ್ಲ. ಒಂದು ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಗೊಂಬೆ ಕಟ್ಟಿಕೊಂಡಿರಿ. ಕರೆದಾಗ ಬಂದರೆ ಗೊಂಬೆ ನೆಲದ ಮೇಲೆ ಓಡುತ್ತದೆ, ಅದನ್ನು ಅಟ್ಟಬಹುದು, ಹಿಡಿಯಬಹುದು, ಮನಸಾರೆ ಕೊಡವಬಹುದು. ಹಿಡಿಯಲು ಬಿಡಲೇಬೇಕು, ಬರೀ ಓಡಿಸಿ ಸತಾಯಿಸಿದರೆ ತಲೆ ಕೆಡುತ್ತದೆ. ಆಮೇಲೆ "ಬಿಡು" ಎನ್ನಿ, ಬಿಟ್ಟರೆ ಮತ್ತೆ ಓಡಿಸಿ. ಚಿನಕುರುಳಿ "ಬಿಡು" ಕಲಿತದ್ದು ಹೀಗೆ. ಬಿಟ್ಟರೆ ಆಟ ಮುಂದುವರಿಯುತ್ತದೆ ಎಂಬುದು ಒಮ್ಮೆ ತಲೆಗೆ ಹೋದ ಮೇಲೆ ಅವಳಷ್ಟು ಚುರುಕಾಗಿ ಬಿಡುವ ನಾಯಿ ಇನ್ನೊಂದಿಲ್ಲ. ಎಲುಬು ಬಲಿಯದ ಮರಿಗಳನ್ನು ಮಾತ್ರ ಎತ್ತರಕ್ಕೆ ಜಿಗಿಸಬೇಡಿ, ಗೊಂಬೆ ನೆಲದಲ್ಲೇ ಇರಲಿ.

ದಿನಕ್ಕೊಂದು ಹೊತ್ತಿನ ಊಟವನ್ನು ತಟ್ಟೆಯಲ್ಲಿ ಹಾಕದೆ ಹುಲ್ಲಿನಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಅಡಗಿಸಿಡಿ. ಅರ್ಧ ಗಂಟೆ ಮೂಸಿ ಹುಡುಕಿದ ಟೆರಿಯರ್ ಒಂದು ಗಂಟೆ ನಡೆದದ್ದಕ್ಕಿಂತ ಚೆನ್ನಾಗಿ ಮಲಗುತ್ತದೆ.

ಕರೆಂಟ್ ಪಟ್ಟಿ ಖಂಡಿತ ಬೇಡ. ಬೇಟೆಯ ಆವೇಶದಲ್ಲಿರುವ ಟೆರಿಯರ್‌ಗೆ ನೋವು ಅಷ್ಟಾಗಿ ತಟ್ಟುವುದಿಲ್ಲ, ನರಿಯ ಹಲ್ಲಿಗೆ ಹೆದರದಂತೆ ಬೆಳೆಸಿದ ಜೀವ ಅದು. ತಟ್ಟುವಷ್ಟು ಜೋರಾಗಿ ಹೊಡೆದರೆ ಆ ಕ್ಷಣ ಕಣ್ಣೆದುರು ಇದ್ದದ್ದಕ್ಕೆ ನೋವನ್ನು ಗಂಟು ಹಾಕಿಕೊಳ್ಳುತ್ತದೆ. ಅದು ಅಳಿಲೇ ಆಗಿರಬೇಕೆಂದಿಲ್ಲ, ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನೂ ಆಗಿರಬಹುದು.

ಪ್ರಶ್ನೆ: ಹೂವಿನ ಪಾತಿ ಪೂರ್ತಿ ಅಗೆದುಹಾಕುತ್ತದೆ, ಬೇಲಿಯ ಕೆಳಗೆ ತೋಡಿಕೊಂಡು ಆಚೆ ಹೋಗುತ್ತದೆ. ಜೊತೆಗೆ ದಿನವಿಡೀ ಬೊಗಳು. ಏನಾದರೂ ಉಪಾಯ?

ಉತ್ತರ: ಬಿಲದೊಳಗಿನ ಟೆರಿಯರ್ ಬೊಗಳದಿದ್ದರೆ ಮೇಲಿನವರಿಗೆ ಎಲ್ಲಿ ಅಗೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಹಾಗಾಗಿ ಅಗೆತ, ಬೊಗಳು ಎರಡೂ ಅದರ ಕಸುಬು. ಅಂಗಳದ ಒಂದು ಮೂಲೆಯಲ್ಲಿ ಮರಳಿನ ಗುಂಡಿ ಮಾಡಿ, ಅದರಲ್ಲಿ ಆಟಿಕೆ ಹೂತಿಡಿ, ಅಲ್ಲಿ ಅಗೆದರೆ ಮೆಚ್ಚಿ. ಬೇಲಿಯ ಬುಡದಲ್ಲಿ ತಂತಿಬಲೆಯನ್ನು ಒಳಮುಖವಾಗಿ ಮಡಚಿ ನೆಲದಲ್ಲಿ ಹೂಳಿ. ನಾಯಿ ಅಗೆಯುವುದು ಬೇಲಿಯ ಬುಡಕ್ಕೆ ಒತ್ತಿಕೊಂಡೇ, ಎರಡು ಹೆಜ್ಜೆ ಹಿಂದೆ ಸರಿದು ಅಗೆಯುವುದು ಅದಕ್ಕೆ ಹೊಳೆಯುವುದಿಲ್ಲ. ಬೊಗಳುವುದು ಕಿಟಕಿಯ ಹತ್ತಿರವಾದರೆ ಗಾಜಿನ ಕೆಳಭಾಗ ಮರೆಮಾಡಿ. ನೀವೂ ಕೂಗಬೇಡಿ, ನೀವೂ ಸೇರಿಕೊಂಡಿರಿ ಎಂದುಕೊಳ್ಳುತ್ತದೆ.

ಎಲ್ಲಾ ಅಗೆತವೂ ಹುಡುಗಾಟವಲ್ಲ. ಒಂದೇ ಜಾಗವನ್ನು ಬಿಡದೆ ಕೆದರುತ್ತಿದ್ದರೆ ಕೆಳಗೆ ಏನೋ ಇದೆ. ಅದು ಹಾವೂ ಆಗಿರಬಹುದು. ನಾಯಿಯನ್ನು ಮೊದಲು ಒಳಗೆ ಕಟ್ಟಿ, ಆಮೇಲೆ ದೂರದಿಂದ ನೋಡಿ. ಹಾವಿಗೂ ಟೆರಿಯರ್ ಹಿಂಜರಿಯುವುದಿಲ್ಲ.

ಪ್ರಶ್ನೆ: ನಮ್ಮದು ಯಾರ್ಕ್‌ಶೈರ್ ಟೆರಿಯರ್, ತಲೆಗೆ ರಿಬ್ಬನ್ ಕಟ್ಟಿ ಮಡಿಲಲ್ಲೇ ಇಟ್ಟುಕೊಂಡಿರುತ್ತೇವೆ. ಇದಕ್ಕೂ ಬೇಟೆಬುದ್ಧಿ ಇರುತ್ತದೆಯೇ? ದೊಡ್ಡ ನಾಯಿ ಕಂಡರೆ ಮೈಮೇಲೆ ಬೀಳಲು ಹೋಗುತ್ತದೆ, ನಗು ಬರುತ್ತದೆ.

ಉತ್ತರ: ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರ ಇಂಗ್ಲೆಂಡಿನ ಬಟ್ಟೆಗಿರಣಿಗಳ ಇಲಿ ಹಿಡಿದು ಬಂದ ವಂಶ ಅದು. ತಳಿಯ ಮೂಲಪುರುಷ ಎನಿಸಿಕೊಂಡ ಹಡರ್ಸ್‌ಫೀಲ್ಡ್ ಬೆನ್ (1865–1871) ಶೋಗಳಲ್ಲಿ ಬಹುಮಾನ ಗೆದ್ದಂತೆ ಇಲಿ ಹಿಡಿಯುವ ಪಂದ್ಯಗಳಲ್ಲೂ ಗೆದ್ದಿತ್ತು. ಈಗ ಮೂರು ಕಿಲೋ ತೂಗುವ ದೇಹದಲ್ಲಿ ಅದೇ ಧೈರ್ಯ ಉಳಿದಿದೆ.

ನಗಬೇಡಿ. ಲ್ಯಾಬ್ರಡಾರ್ ಮಾಡಿದರೆ ಗಾಬರಿಯಾಗುವ ಕೆಲಸವನ್ನು ಯಾರ್ಕಿ ಮಾಡಿದರೆ ಜನ ವಿಡಿಯೊ ಮಾಡುತ್ತಾರೆ. ದೊಡ್ಡ ನಾಯಿ ಒಮ್ಮೆ ಬಾಯಿ ಹಾಕಿ ಕೊಡವಿದರೆ ನಾವು ಹೊಲಿಗೆ ಹಾಕಲೂ ಏನೂ ಉಳಿದಿರುವುದಿಲ್ಲ. ದೂರದಲ್ಲಿ ನಾಯಿ ಕಂಡಾಗಲೇ ನಿಮ್ಮತ್ತ ತಿರುಗುವುದನ್ನು ಕಲಿಸಿ, ದಿನವೂ ಕೆಳಗಿಳಿಸಿ ನಡೆಸಿ. ರಿಬ್ಬನ್ ಇರಲಿ, ಕೂದಲು ಕಣ್ಣಿಗೆ ಬೀಳುವುದಾದರೂ ತಪ್ಪುತ್ತದೆ.

ಪ್ರಶ್ನೆ: ವಯಸ್ಸಾದ ತಂದೆತಾಯಿಗೆ ಜೊತೆಗಿರಲಿ ಎಂದು ಚಿಕ್ಕ ನಾಯಿ ಕೊಡಿಸಬೇಕೆಂದಿದ್ದೇನೆ. ಚಿಕ್ಕದಾಗಿರುವುದರಿಂದ ಜ್ಯಾಕ್ ರಸೆಲ್ ಆಗಬಹುದೇ?

ಉತ್ತರ: ಆಗದು. ದೇಹ ಚಿಕ್ಕದು, ದಿನ ಬಹಳ ಉದ್ದ. ಮತ್ತೊಂದು ಲೆಕ್ಕವೂ ಇದೆ. ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೋಲಿಸಿ ನೋಡಿದ ತಳಿಗಳ ಪೈಕಿ ಅತಿ ಹೆಚ್ಚು ಸರಾಸರಿ ಆಯುಷ್ಯ ಕಂಡದ್ದು ಜ್ಯಾಕ್ ರಸೆಲ್‌ಗೇ, 12.7 ವರ್ಷ. ಹದಿನಾರರವರೆಗೆ ಬಾಳಿದವನ್ನು ನಾನೇ ನೋಡಿದ್ದೇನೆ. ಎಂಬತ್ತರ ಹತ್ತಿರ ಇರುವವರ ಕೈಗೆ ಆ ಮರಿ ಕೊಟ್ಟರೆ ಅದನ್ನು ಕೊನೆಗೆ ನೋಡಿಕೊಳ್ಳುವವರು ನೀವೇ.

ಟೆರಿಯರ್ ಎಂದರೆಲ್ಲ ಒಂದೇ ಅಲ್ಲ. ಏರ್‌ಡೇಲ್ ಇಪ್ಪತ್ತೈದು ಕಿಲೋ ತೂಗುವ, ನೀರುನಾಯಿ ಬೇಟೆಗೆ ಬೆಳೆಸಿದ ದೊಡ್ಡ ನಾಯಿ. ಬಾರ್ಡರ್ ಟೆರಿಯರ್ ಮನುಷ್ಯರ ಜೊತೆ ಸ್ವಲ್ಪ ಸೌಮ್ಯ, ಅಳಿಲಿನ ಜೊತೆ ಅಲ್ಲ. ವೆಸ್ಟಿ, ಅಂದರೆ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್, ಗಟ್ಟಿ ಜೀವ, ಆದರೆ ಚರ್ಮದ ಅಲರ್ಜಿ ಆ ತಳಿಯಲ್ಲಿ ಬಹಳ, ಔಷಧದ ಖರ್ಚಿಗೆ ಸಿದ್ಧರಿರಬೇಕು. ಬಾಸ್ಟನ್ ಟೆರಿಯರ್, ಟಿಬೆಟನ್ ಟೆರಿಯರ್ ಹೆಸರಿಗೆ ಮಾತ್ರ ಟೆರಿಯರ್. ಟಿಬೆಟನ್‌ಗೂ ಬಿಲಕ್ಕೂ ಸಂಬಂಧವಿಲ್ಲ, ಬಾಸ್ಟನ್ ಪಕ್ಕಾ ಮನೆನಾಯಿ, ಆದರೆ ಮೊಂಡು ಮೂಗಿನಿಂದಾಗಿ ಸೆಕೆ ತಡೆಯದು. ನನ್ನನ್ನು ಕೇಳಿದರೆ, ಆಶ್ರಯಧಾಮದಿಂದ ಆರೇಳು ವರ್ಷದ ಶಾಂತ ನಾಯಿಯೊಂದನ್ನು, ತಳಿ ಯಾವುದಾದರೂ ಸರಿ, ತಂದೆತಾಯಿಯೇ ಹೋಗಿ ನೋಡಿ ಆರಿಸಲಿ.

ಪ್ರಶ್ನೆ: ಹಳೆಯ ಗ್ರಾಮೊಫೋನ್ ತಟ್ಟೆಗಳ ಮೇಲೆ ಕೊಳವೆಯ ಮುಂದೆ ಕುಳಿತ ನಾಯಿಯ ಚಿತ್ರ ಇರುತ್ತಿತ್ತಲ್ಲ, ಅದು ಟೆರಿಯರ್ ಎಂದು ಮೊಮ್ಮಗ ವಾದಿಸುತ್ತಾನೆ. ನಿಜವೇ? ಅಷ್ಟು ಶಾಂತವಾಗಿ ಕುಳಿತಿದೆ!

ಉತ್ತರ: ಮೊಮ್ಮಗ ಗೆದ್ದ. ಅದರ ಹೆಸರು ನಿಪ್ಪರ್, 1884ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಟೆರಿಯರ್ ಬೆರಕೆ. ಬಂದವರ ಕಾಲಿಗೆ ಹಿಂದಿನಿಂದ ಬಾಯಿ ಹಾಕುತ್ತಿದ್ದದ್ದಕ್ಕೇ ಆ ಹೆಸರು, ಇಂಗ್ಲಿಷಿನಲ್ಲಿ ನಿಪ್ ಎಂದರೆ ಮೆಲ್ಲಗೆ ಕಚ್ಚು. ಫ್ರಾನ್ಸಿಸ್ ಬರೋ ಎಂಬ ಕಲಾವಿದ ಆ ಚಿತ್ರ ಬರೆದದ್ದು ನಾಯಿ ಸತ್ತ ಮೇಲೆ, ಅದು ಸತ್ತದ್ದು 1895ರಲ್ಲಿ. ಬದುಕಿದ್ದಾಗ ಅಷ್ಟು ಹೊತ್ತು ಕೂರುತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ಪ್ರಶ್ನೆ: ಒಂದು ಟೆರಿಯರ್‌ಗೆ ಇನ್ನೊಂದು ಜೊತೆ ತಂದರೆ ಅಗೆತ, ಓಟ ಕಡಿಮೆಯಾಗುತ್ತದೆಯೇ? ಅದೇ ಸೂಲಿನ ಅಕ್ಕತಂಗಿಯರಿಬ್ಬರು ಸಿಗುತ್ತಿದ್ದಾರೆ.

ಉತ್ತರ: ಎರಡು ಗುಂಡಿಗಳಾಗುತ್ತವೆ. ಒಂದೇ ಸೂಲಿನ ಎರಡು ಹೆಣ್ಣು ಟೆರಿಯರ್ ಅಂತೂ ಬೇಡವೇ ಬೇಡ. ಬಲಿತ ಮೇಲೆ ಜಗಳ ಹತ್ತಿದರೆ ಬಿಡಿಸುವುದು ಕಷ್ಟ, ಎಷ್ಟೋ ಮನೆಗಳಲ್ಲಿ ಜೀವನಪೂರ್ತಿ ಬೇರೆಬೇರೆ ಕೋಣೆಯಲ್ಲಿ ಇಡಬೇಕಾಗಿ ಬಂದಿದೆ. ಮೊದಲನೆಯದು ಎರಡು ವರ್ಷ ದಾಟಲಿ, ಕರೆದರೆ ಬರುವಂತಾಗಲಿ. ಆಮೇಲೂ ಆಸೆ ಇದ್ದರೆ ಒಂದು ಗಂಡುನಾಯಿ ನೋಡಿ.

ಪ್ರಶ್ನೆ: ಹೊರಗೆ ಕರೆದುಕೊಂಡು ಹೋಗಲು ಸಮಯವಿಲ್ಲದ ದಿನ ಲೇಸರ್ ಲೈಟಿನ ಚುಕ್ಕಿ ಓಡಿಸಿ ಆಡಿಸುತ್ತೇನೆ. ಹುಚ್ಚೆದ್ದು ಓಡುತ್ತದೆ, ಚೆನ್ನಾಗಿ ದಣಿಯುತ್ತದೆ. ಈಗೀಗ ಲೈಟ್ ಇಲ್ಲದಾಗಲೂ ಗೋಡೆ ನೋಡುತ್ತಾ ಕೂರುತ್ತದೆ. ಪರವಾಗಿಲ್ಲವೇ?

ಉತ್ತರ: ಇವತ್ತೇ ನಿಲ್ಲಿಸಿ. ಅಟ್ಟುವುದಕ್ಕಿದೆ, ಹಿಡಿಯುವುದಕ್ಕಿಲ್ಲ, ಕೊಡವುವುದಕ್ಕಿಲ್ಲ. ಮುಗಿಯದ ಬೇಟೆ ಕೆಲವು ನಾಯಿಗಳಲ್ಲಿ ಗೀಳಾಗುತ್ತದೆ, ಆಮೇಲೆ ಗಡಿಯಾರದ ಗಾಜಿನ ಹೊಳಪು, ನೆರಳು, ಪಾತ್ರೆಯ ಮಿಂಚು ಎಲ್ಲದರ ಹಿಂದೆಯೂ ಓಡುತ್ತವೆ. ನೀವು ಬರೆದಿರುವ ಗೋಡೆ ನೋಡುವುದು ಅದರ ಶುರು. ಲೇಸರ್ ಬದಲು ಮೇಲೆ ಹೇಳಿದ ಕೋಲು, ಹಗ್ಗ, ಗೊಂಬೆ ಹಿಡಿಯಿರಿ. ಗೋಡೆ ನೋಡುತ್ತಾ ಕುಳಿತಾಗ ಗದರದೆ, ಬೇರೆ ಕೋಣೆಗೆ ಕರೆದು ಮೂಸಿ ಹುಡುಕುವ ಕೆಲಸ ಕೊಡಿ. ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾರುವ ವಂಶವಾಹಿ ಕಾಯಿಲೆ ಇದೆ. ಕಣ್ಣು ಕೆಂಪಾಗಿ, ನೀರು ಸುರಿಸಿ, ಬೆಳಕಿಗೆ ಮುಚ್ಚಿಕೊಳ್ಳುತ್ತಿದ್ದರೆ ವಾರಗಟ್ಟಲೆ ಕಾಯಬಾರದು, ಅದೇ ದಿನ ಹೋಗಬೇಕು.